ವಿಶ್ವವಿದ್ಯಾಲಯ ಯಾರ ಮಾತು ಕೇಳಬೇಕು?

(ಮಂಡ್ಯದಲ್ಲಿ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿಕೊಂಡಿದ್ದೇನೆ.)

ಹಿರಿಯರೇ, ಸಹೋದ್ಯೋಗಿಗಳೇ, ವಿದ್ಯಾರ್ಥಿ ಮಿತ್ರರೇ,

ವಿಶ್ವವಿದ್ಯಾಲಯದ ಸ್ವಾಯತ್ತತೆಯ ಬಗ್ಗೆ ಮಾತನಾಡಲು ಮಂಡ್ಯಕ್ಕಿಂತ ತಕ್ಕ ಊರು ಈಗ ಇನ್ನೊಂದಿಲ್ಲ. 2019ರಲ್ಲಿ ನಿಮ್ಮ ಊರಿಗೆ ವಿಶ್ವವಿದ್ಯಾಲಯ ಬಂತು. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯೊಂದು ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚಿ ಹಳೆಯ ವಿಶ್ವವಿದ್ಯಾಲಯಗಳಿಗೆ ಸೇರಿಸುವ ಮಾತೆತ್ತಿದಾಗ ಆ ಪಟ್ಟಿಯಲ್ಲಿ ಮಂಡ್ಯದ ಹೆಸರೂ ಇತ್ತು. ತೆರೆದದ್ದು ಒಂದು ಸರ್ಕಾರ, ಮುಚ್ಚುವ ಮಾತಾಡಿದ್ದು ಇನ್ನೊಂದು ಸರ್ಕಾರ. ಆಗ ನಾನು ಓದಿದ ಹೇಳಿಕೆಗಳಲ್ಲೆಲ್ಲ ಅನುದಾನದ ಕೊರತೆ, ಜಿಲ್ಲೆಯ ಮರ್ಯಾದೆ, ಯಾವ ಪಕ್ಷ ಯಾವ ಜಿಲ್ಲೆಗೆ ಏನು ಮಾಡಿತು ಎಂಬುದೇ ತುಂಬಿತ್ತು. ಪಾಠ ಮಾಡುವವರು ಮತ್ತು ಪಾಠ ಕೇಳುವವರು ಈ ವಿಷಯದಲ್ಲಿ ಏನು ಹೇಳುತ್ತಾರೆ ಎಂದು ಕೇಳಬೇಕೆಂಬ ಯೋಚನೆ ಪರ ಇದ್ದವರಿಗೂ ಬಂದಂತಿರಲಿಲ್ಲ, ವಿರೋಧ ಇದ್ದವರಿಗೂ ಬಂದಂತಿರಲಿಲ್ಲ.

ರಾಜಕೀಯ ಹಸ್ತಕ್ಷೇಪ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಪೊಲೀಸರು, ಅಮಾನತು ಆದೇಶ, ನಿಷೇಧ. ಅವು ಇಲ್ಲವೆಂದಲ್ಲ. 2020ರ ಜನವರಿಯಲ್ಲಿ ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯ ಪ್ರತಿಭಟನೆಯೊಂದರಲ್ಲಿ ಒಂದು ಫಲಕ ಹಿಡಿದದ್ದಕ್ಕೆ ದೇಶದ್ರೋಹದ ಪ್ರಕರಣ ದಾಖಲಾಯಿತು. ಫಲಕ ಹಿಡಿದಿದ್ದ ಹೆಣ್ಣುಮಗಳ ಪರವಾಗಿ ಯಾರೂ ವಕಾಲತ್ತು ವಹಿಸಬಾರದೆಂದು ಮೈಸೂರಿನ ವಕೀಲರ ಸಂಘವೇ ನಿರ್ಣಯ ಮಾಡಿತು. ಬೇರೆ ಊರುಗಳಿಂದ ವಕೀಲರು ಬಂದು ನಿಂತರು, ನಿರೀಕ್ಷಣಾ ಜಾಮೀನೂ ಸಿಕ್ಕಿತು. ಫಲಕದಲ್ಲಿ ಬರೆದದ್ದನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಇಂಥ ಪ್ರಕರಣಗಳು ಪತ್ರಿಕೆಗೆ ಬರುತ್ತವೆ, ಜನ ಎರಡು ಪಾಳಯವಾಗಿ ಜಗಳವಾಡುತ್ತಾರೆ, ಕಡೆಗೆ ನ್ಯಾಯಾಲಯ ಒಂದು ಮಾತು ಹೇಳುತ್ತದೆ. ಆದರೆ ನಮ್ಮ ಕಡೆ ಸ್ವಾತಂತ್ರ್ಯ ಹೋಗುವುದು ಹೆಚ್ಚಾಗಿ ಕಡತದಲ್ಲಿ. ಪ್ರಭಾರ ಕುಲಪತಿಯ ಆದೇಶದಲ್ಲಿ, ವರ್ಷ ವರ್ಷ ನವೀಕರಿಸುವ ನೇಮಕದಲ್ಲಿ, ‘ಅನುಮತಿ ಪಡೆದು ಮುಂದುವರಿಯುವುದು’ ಎಂಬ ಒಂದು ಸಾಲಿನ ಷರಾದಲ್ಲಿ. ಇವತ್ತು ನನಗೆ ಮಾತನಾಡಬೇಕಿರುವುದು ಅದರ ಬಗ್ಗೆ.

ಮೊದಲು ಒಂದು ಭ್ರಮೆಯನ್ನು ಬದಿಗಿಡೋಣ. ಹಿಂದೆ ಮಹಾರಾಜರ ಕಾಲದಲ್ಲಿ ವಿದ್ಯೆಗೆ ಎಂಥ ಸ್ವಾತಂತ್ರ್ಯವಿತ್ತು ಎಂದು ಮೈಸೂರಿನವರು ಮಾತು ಮಾತಿಗೆ ಹೇಳುತ್ತಾರೆ. ಮೈಸೂರು ವಿಶ್ವವಿದ್ಯಾಲಯ 1916ರ ಜುಲೈ 27ರಂದು ಹುಟ್ಟಿತು. ಬ್ರಿಟಿಷರ ನೇರ ಆಳ್ವಿಕೆಯ ಹೊರಗೆ ಈ ದೇಶದಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾಲಯ ಅದು. ನಾಲ್ವಡಿ ಕೃಷ್ಣರಾಜ ಒಡೆಯರು ಕುಲಾಧಿಪತಿ, ದಿವಾನರಾಗಿದ್ದವರು ವಿಶ್ವೇಶ್ವರಯ್ಯ, ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯ. ನಂಜುಂಡಯ್ಯನವರು ದೊಡ್ಡ ವಿದ್ವಾಂಸರು, ಜೊತೆಗೆ ಸಂಸ್ಥಾನದ ಉನ್ನತ ಅಧಿಕಾರಿಯಾಗಿದ್ದವರು. ಅಂದರೆ ಅದು ಸರ್ಕಾರ ಕಟ್ಟಿದ, ಸರ್ಕಾರ ಸಾಕಿದ ವಿಶ್ವವಿದ್ಯಾಲಯ. ಅದು ಸ್ವಾಯತ್ತ ಸಂಸ್ಥೆಯಾದದ್ದು 1956ರಲ್ಲಿ. ಅಲ್ಲಿಯವರೆಗೆ ಅಲ್ಲಿ ಇದ್ದದ್ದು ದೊರೆಯ ಉದಾರತೆ, ದಿವಾನರ ದೂರದೃಷ್ಟಿ. ಅವು ದೊಡ್ಡ ಗುಣಗಳೇ, ನಾವು ಅದರ ಫಲ ಉಂಡವರೇ. ಆದರೆ ಉದಾರತೆ ಆಳುವವನ ಜೊತೆಗೇ ಬಂದು ಜೊತೆಗೇ ಹೋಗುತ್ತದೆ. ಅದನ್ನು ಹಕ್ಕೆಂದು ಕೇಳಲು ಬರುವುದಿಲ್ಲ.

ಹಕ್ಕೆಂದು ಕೇಳಿದವರ ಕಥೆ ಮೈಸೂರಿನ ನೆಂಟಸ್ತಿಕೆಯಲ್ಲೇ ಇದೆ, ನಾವು ಅದನ್ನು ಅಷ್ಟಾಗಿ ಹೇಳುವುದಿಲ್ಲ. 1918ರಿಂದ 1921ರವರೆಗೆ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸಿದ ಸರ್ವೆಪಲ್ಲಿ ರಾಧಾಕೃಷ್ಣನ್ ಅವರನ್ನು ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಸಾರೋಟಿನಲ್ಲಿ ಕೂರಿಸಿ, ತಾವೇ ಎಳೆದುಕೊಂಡು ರೈಲು ನಿಲ್ದಾಣಕ್ಕೆ ಕರೆದೊಯ್ದ ಕಥೆ ಮೈಸೂರಿನ ಪ್ರತಿ ಶಿಕ್ಷಕರ ದಿನಾಚರಣೆಯಲ್ಲೂ ಕೇಳುತ್ತೇವೆ. ಆ ರೈಲು ಅವರನ್ನು ಎಲ್ಲಿಗೆ ಕರೆದೊಯ್ಯಿತು ಎಂಬಲ್ಲಿಗೆ ನಮ್ಮ ಭಾಷಣಕಾರರು ನಿಂತುಬಿಡುತ್ತಾರೆ. ಅವರು ಹೋದದ್ದು ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ. ಕರೆಸಿಕೊಂಡವರು ಅಲ್ಲಿನ ಕುಲಪತಿ ಅಶುತೋಷ್ ಮುಖರ್ಜಿ. ಅದೇ ಕಲ್ಕತ್ತೆಯಿಂದ ಮೈಸೂರಿಗೆ ಬಂದ ಬ್ರಜೇಂದ್ರನಾಥ ಸೀಲರು 1920ರ ದಶಕದಲ್ಲಿ ಇಲ್ಲಿ ಕುಲಪತಿಯಾಗಿದ್ದರು. ಎರಡು ವಿಶ್ವವಿದ್ಯಾಲಯಗಳ ನಡುವೆ ಇಂಥ ಕೊಡುಕೊಳ್ಳುವಿಕೆ ಇತ್ತು.

1922ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದ ಬೊಕ್ಕಸ ಬರಿದಾಗಿತ್ತು. ಸ್ನಾತಕೋತ್ತರ ಅಧ್ಯಾಪಕರ ಸಂಬಳಕ್ಕೇ ತತ್ವಾರ. ಬಂಗಾಳ ಸರ್ಕಾರ ಎರಡೂವರೆ ಲಕ್ಷ ರೂಪಾಯಿ ಕೊಡಲು ಮುಂದೆ ಬಂತು, ಜೊತೆಗೆ ವಿಶ್ವವಿದ್ಯಾಲಯದ ಹಣಕಾಸಿನ ಮೇಲೆ ಹಿಡಿತ ಬಿಗಿಗೊಳಿಸುವ ಷರತ್ತುಗಳನ್ನೂ ಇಟ್ಟಿತು. ಸೆನೆಟ್ ಸಭೆಯಲ್ಲಿ ಅಶುತೋಷರು ಎದ್ದು ನಿಂತು, ಖರ್ಚು ಕಡಿಮೆ ಮಾಡುತ್ತೇವೆ, ಹಸಿದಿರುತ್ತೇವೆ, ಬಂಗಾಳದ ಮನೆ ಮನೆಗೆ ಹೋಗಿ ಬೇಡುತ್ತೇವೆ, ಈ ಷರತ್ತಿನ ಹಣ ಮಾತ್ರ ಬೇಡ ಎಂದರು. ಮೊದಲು ಸ್ವಾತಂತ್ರ್ಯ, ಎರಡನೆಯದೂ ಸ್ವಾತಂತ್ರ್ಯ, ಎಂದೆಂದಿಗೂ ಸ್ವಾತಂತ್ರ್ಯ ಎಂಬ ಅವರ ಮಾತು ಆ ಭಾಷಣದ್ದು. ಮರುವರ್ಷ ಗವರ್ನರ್ ಲಿಟ್ಟನ್, ಷರತ್ತು ಒಪ್ಪಿದರೆ ಕುಲಪತಿ ಸ್ಥಾನದಲ್ಲಿ ಮುಂದುವರಿಸುವುದಾಗಿ ಪತ್ರ ಬರೆದಾಗ ಅದನ್ನೂ ಮುಖಕ್ಕೆ ಹೊಡೆದಂತೆ ತಿರಸ್ಕರಿಸಿದರು.

ಈ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಅಶುತೋಷರ ಗಂಡೆದೆಗಿಂತ ಒಂದು ಸಣ್ಣ ವಿವರ. ಆ ಹೊತ್ತಿಗೆ ಪ್ರಾಂತ್ಯಗಳಲ್ಲಿ ದ್ವಿಮುಖ ಆಡಳಿತ ಬಂದಿತ್ತು, ಶಿಕ್ಷಣ ಖಾತೆ ಭಾರತೀಯ ಮಂತ್ರಿಯ ಕೈಗೆ ಬಂದಿತ್ತು. ಷರತ್ತು ಹಾಕಿದ ಖಾತೆ ನಮ್ಮವರದೇ. ‘ಚುನಾಯಿತ ಸರ್ಕಾರ ಕೇಳಿದರೆ ಕೊಡಬೇಕಪ್ಪ, ಅದು ಜನರದ್ದು’ ಎಂಬ ವಾದ ಆಗಲೂ ಇತ್ತು. ಅಶುತೋಷರು ಆ ವಾದಕ್ಕೂ ಬಗ್ಗಲಿಲ್ಲ.

ರಾಧಾಕೃಷ್ಣನ್ ಮುಂದೆ 1948–49ರ ವಿಶ್ವವಿದ್ಯಾಲಯ ಶಿಕ್ಷಣ ಆಯೋಗದ ಅಧ್ಯಕ್ಷರಾದರು. ಶಿಕ್ಷಣ ಪೂರ್ತಿ ಸರ್ಕಾರದ ಹಿಡಿತಕ್ಕೆ ಹೋದಲ್ಲೆಲ್ಲ ಸರ್ವಾಧಿಕಾರ ಬೇರೂರಲು ಅದು ನೆರವಾಗಿದೆ, ಸರ್ಕಾರ ಹಣ ಕೊಡುತ್ತದೆ ಎಂದರೆ ಪಾಠದ ಮೇಲೆ ಅಧಿಕಾರವನ್ನೂ ಪಡೆಯುತ್ತದೆ ಎಂದರ್ಥವಲ್ಲ ಎಂದು ಆ ವರದಿ ಹೇಳಿತು. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದೇ ಮಾತುಗಳನ್ನು ಉದ್ಧರಿಸಿತು. ಮಹಾರಾಜಾ ಕಾಲೇಜಿನಲ್ಲಿ ಪಾಠ ಮಾಡಿದ ಇನ್ನೊಬ್ಬರು, ಸಿ.ಆರ್. ರೆಡ್ಡಿ, ಆಂಧ್ರ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1930ರಲ್ಲಿ ಬ್ರಿಟಿಷರ ದಮನ ನೀತಿಯನ್ನು ಪ್ರತಿಭಟಿಸಿ ರಾಜೀನಾಮೆ ಕೊಟ್ಟು ಹೊರಬಂದರು. ಸಾರೋಟಿನ ಕಥೆ ಹೇಳುವಾಗ ಇವುಗಳಲ್ಲಿ ಒಂದನ್ನಾದರೂ ಸೇರಿಸಿ ಹೇಳಿದರೆ ನಮ್ಮ ಮಕ್ಕಳಿಗೆ ಉಪಕಾರವಾಗುತ್ತದೆ.

ಈಗ ನಮ್ಮ ಕಾಲಕ್ಕೆ ಬರುತ್ತೇನೆ. 1964–66ರ ಕೊಠಾರಿ ಆಯೋಗ ವಿಶ್ವವಿದ್ಯಾಲಯದ ಸ್ವಾಯತ್ತತೆ ಎಂದರೇನು ಎಂಬುದನ್ನು ಮೂರು ಮಾತಿನಲ್ಲಿ ಹೇಳಿತು: ಯಾವ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಬೇಕು, ಯಾವ ಅಧ್ಯಾಪಕರನ್ನು ನೇಮಿಸಬೇಕು ಮತ್ತು ಅವರಿಗೆ ಬಡ್ತಿ ಕೊಡಬೇಕು, ಏನನ್ನು ಹೇಗೆ ಕಲಿಸಬೇಕು. ಈ ಮೂರನೆಯದನ್ನೇ ತೆಗೆದುಕೊಳ್ಳಿ. 2021ರ ಆಗಸ್ಟ್‌ನಲ್ಲಿ ಕರ್ನಾಟಕ ಸರ್ಕಾರ, ದೇಶದಲ್ಲೇ ಮೊದಲು ಎಂದು ಹೇಳಿಕೊಂಡು, ರಾಷ್ಟ್ರೀಯ ಶಿಕ್ಷಣ ನೀತಿಯ ಪದವಿ ವ್ಯವಸ್ಥೆಯನ್ನು ಅದೇ ಶೈಕ್ಷಣಿಕ ವರ್ಷಕ್ಕೆ ಜಾರಿ ಮಾಡಿತು. ಪದವಿ ನಾಲ್ಕು ವರ್ಷಕ್ಕೆ ಹಿಗ್ಗಿತು. 2023ರಲ್ಲಿ ಸರ್ಕಾರ ಬದಲಾಯಿತು, ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಯಿತು, ಅದರ ಮಧ್ಯಂತರ ವರದಿ ಬಂತು, 2024ರ ಮೇ ತಿಂಗಳಲ್ಲಿ ಪದವಿ ಮತ್ತೆ ಮೂರು ವರ್ಷಕ್ಕೆ ಇಳಿಯಿತು. ಮೂರು ತಂಡಗಳು ಒಂದು ವ್ಯವಸ್ಥೆಯಲ್ಲಿ ಓದಿದವು, ನಾಲ್ಕನೆಯ ತಂಡ ಇನ್ನೊಂದರಲ್ಲಿ.

ನಾಲ್ಕು ವರ್ಷ ಸರಿಯೋ ಮೂರು ವರ್ಷ ಸರಿಯೋ ಎಂಬುದಕ್ಕೆ ನನಗೂ ನನ್ನದೇ ಅಭಿಪ್ರಾಯವಿದೆ, ಅದನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ನೀವು ನನ್ನನ್ನು ಒಂದು ಪಕ್ಷಕ್ಕೆ ಸೇರಿಸಿ ಉಳಿದ ಮಾತನ್ನು ಅದೇ ಕನ್ನಡಕದಿಂದ ಕೇಳುತ್ತೀರಿ. ಇದು ನಡೆದ ಬಗೆಯನ್ನು ನೋಡಿ. ಕಾನೂನಿನ ಪ್ರಕಾರ ಪಠ್ಯಕ್ರಮ ಮಾಡಬೇಕಾದದ್ದು ಅಧ್ಯಯನ ಮಂಡಳಿ. ಅದನ್ನು ಒಪ್ಪಬೇಕಾದದ್ದು ವಿದ್ಯಾವಿಷಯಕ ಪರಿಷತ್ತು. ಅಂಥ ಒಂದು ಮಂಡಳಿಯ ಸಭೆಯಲ್ಲಿ ನಾನು ಕುಳಿತಿದ್ದೆ. ಎಲ್ಲಿ, ಯಾವ ವಿಷಯಕ್ಕೆ ಎಂದು ಹೇಳುವುದಿಲ್ಲ. ಮೇಜಿನ ಮೇಲೆ ‘ಮಾದರಿ ಪಠ್ಯಕ್ರಮ’ ಎಂಬ ಕಟ್ಟು ಇತ್ತು. ಶೇಕಡಾ ಇಷ್ಟು ಭಾಗ ಬದಲಿಸಬಹುದು ಎಂದು ಒಬ್ಬರು, ಬದಲಿಸಿದರೆ ತಂತ್ರಾಂಶ ಒಪ್ಪಿಕೊಳ್ಳುವುದಿಲ್ಲ ಎಂದು ಇನ್ನೊಬ್ಬರು. ಕಾಫಿ ಬರುವಷ್ಟರಲ್ಲಿ ನಾಲ್ಕು ಸೆಮಿಸ್ಟರ್‌ಗಳ ಪತ್ರಿಕೆಗಳು ಅನುಮೋದನೆಯಾಗಿದ್ದವು. ಈ ಪತ್ರಿಕೆಯಲ್ಲಿ ಕಾವೇರಿ ಕಣಿವೆಯ ನೀರಾವರಿಯ ಬಗ್ಗೆ ಒಂದು ಘಟಕ ಇರಲಿ, ನಮ್ಮ ಮಕ್ಕಳಲ್ಲಿ ಅರ್ಧಕ್ಕರ್ಧ ನಾಲೆಯ ಬಯಲಿನವರು ಎಂದು ಹಿರಿಯ ಅಧ್ಯಾಪಕಿಯೊಬ್ಬರು ಹೇಳಿದರು. ಒಳ್ಳೆಯ ಸಲಹೆ ಮೇಡಂ, ಮುಂದಿನ ಪರಿಷ್ಕರಣೆಯಲ್ಲಿ ನೋಡೋಣ ಎಂದರು ಅಧ್ಯಕ್ಷರು. ಮುಂದಿನ ಪರಿಷ್ಕರಣೆ ಬರುವ ಮೊದಲೇ ಇಡೀ ವ್ಯವಸ್ಥೆ ಬದಲಾಯಿತು. ಆಗ ಮೇಜಿನ ಮೇಲೆ ಇನ್ನೊಂದು ಕಟ್ಟು ಬಂತು.

ಆ ಕೊಠಡಿಗೆ ಯಾವ ಮಂತ್ರಿಯೂ ಬಂದಿರಲಿಲ್ಲ. ಯಾರೂ ಯಾರನ್ನೂ ಬೆದರಿಸಲಿಲ್ಲ. ಮಂಡಳಿಯ ಸದಸ್ಯರೆಲ್ಲ ವಿಷಯ ಬಲ್ಲವರೇ. ತಮ್ಮ ಕೆಲಸ ಸಹಿ ಹಾಕುವುದು ಎಂದು ಅವರಿಗೆ ಮೊದಲೇ ಗೊತ್ತಿತ್ತು, ಅಷ್ಟೇ.

ಇನ್ನು ಕುಲಪತಿಗಳ ನೇಮಕ. ಪತ್ರಿಕೆಗಳಲ್ಲಿ ಸ್ವಾಯತ್ತತೆ ಎಂದರೆ ಇದೊಂದೇ ವಿಷಯ ಎಂಬಂತಾಗಿದೆ. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000ರ ಪ್ರಕಾರ ರಾಜ್ಯಪಾಲರು ಕುಲಾಧಿಪತಿ, ಉನ್ನತ ಶಿಕ್ಷಣ ಸಚಿವರು ಸಮಕುಲಾಧಿಪತಿ. ಶೋಧನಾ ಸಮಿತಿ ಹೆಸರುಗಳ ಪಟ್ಟಿ ಕೊಡುತ್ತದೆ, ಅದು ಸರ್ಕಾರದ ಮೂಲಕ ರಾಜ್ಯಪಾಲರಿಗೆ ಹೋಗುತ್ತದೆ, ಅವರು ಸರ್ಕಾರದ ಸಹಮತಿಯೊಂದಿಗೆ ಒಬ್ಬರನ್ನು ನೇಮಿಸುತ್ತಾರೆ. ಬೆಂಗಳೂರಿನಲ್ಲೂ ದೆಹಲಿಯಲ್ಲೂ ಒಂದೇ ಪಕ್ಷ ಇದ್ದರೆ ಕಡತ ನೀರಿನಂತೆ ಹರಿಯುತ್ತದೆ. ಬೇರೆ ಬೇರೆ ಇದ್ದರೆ ವಿಧಾನಸೌಧಕ್ಕೂ ರಾಜಭವನಕ್ಕೂ ನಡುವೆ ನಿಲ್ಲುತ್ತದೆ. ಕಡತ ನಿಂತಷ್ಟು ದಿನ ವಿಶ್ವವಿದ್ಯಾಲಯವನ್ನು ಪ್ರಭಾರ ಕುಲಪತಿ ನಡೆಸುತ್ತಾರೆ. ಪ್ರಭಾರದಲ್ಲಿರುವವರು ನೇಮಕಾತಿಗೆ ಕೈ ಹಾಕುವುದಿಲ್ಲ, ಜಗಳಕ್ಕೆ ನಿಲ್ಲುವುದಿಲ್ಲ, ಯಾರಿಗೂ ಬೇಡ ಎನ್ನುವುದಿಲ್ಲ. ಸರ್ಕಾರಕ್ಕೆ ಇದಕ್ಕಿಂತ ಸೌಮ್ಯವಾದ ಕುಲಪತಿ ಎಲ್ಲಿ ಸಿಗುತ್ತಾರೆ?

2025ರ ಜನವರಿಯಲ್ಲಿ ಕೇಂದ್ರದ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಒಂದು ಕರಡು ನಿಯಮಾವಳಿ ಹೊರಡಿಸಿತು. ಅದರ ಪ್ರಕಾರ ಶೋಧನಾ ಸಮಿತಿಯಲ್ಲಿ ಕುಲಾಧಿಪತಿಯ, ಯುಜಿಸಿಯ ಮತ್ತು ವಿಶ್ವವಿದ್ಯಾಲಯದ ಪ್ರತಿನಿಧಿಗಳು ಇರುತ್ತಾರೆ, ರಾಜ್ಯ ಸರ್ಕಾರದವರು ಇರುವುದಿಲ್ಲ. ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಹಲವು ರಾಜ್ಯಗಳ ಉನ್ನತ ಶಿಕ್ಷಣ ಸಚಿವರು ಸೇರಿ ಇದನ್ನು ವಿರೋಧಿಸಿದರು. ಅದಕ್ಕೂ ಎರಡು ತಿಂಗಳು ಮೊದಲು, ಬೆಳಗಾವಿ ಅಧಿವೇಶನದಲ್ಲಿ, ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯಕ್ಕೆ ರಾಜ್ಯಪಾಲರ ಬದಲು ಮುಖ್ಯಮಂತ್ರಿಯನ್ನು ಕುಲಾಧಿಪತಿ ಮಾಡುವ ಮಸೂದೆಯನ್ನು ನಮ್ಮ ಸರ್ಕಾರವೂ ಮಂಡಿಸಿತ್ತು. ರಾಜ್ಯಗಳ ಹಕ್ಕಿನ ಪ್ರಶ್ನೆ ಸಣ್ಣದಲ್ಲ. ನಮ್ಮ ತೆರಿಗೆಯಲ್ಲಿ ನಡೆಯುವ ವಿಶ್ವವಿದ್ಯಾಲಯದ ಬಗ್ಗೆ ದೆಹಲಿ ತೀರ್ಮಾನಿಸುವುದನ್ನು ನಾನೂ ಒಪ್ಪುವುದಿಲ್ಲ. ಆದರೆ ಅದು ಒಕ್ಕೂಟ ವ್ಯವಸ್ಥೆಯ ಪ್ರಶ್ನೆ. ಅದಕ್ಕೆ ವಿಶ್ವವಿದ್ಯಾಲಯದ ಸ್ವಾಯತ್ತತೆ ಎಂದು ಹೆಸರಿಟ್ಟು ನಮ್ಮನ್ನು ಮೆರವಣಿಗೆಗೆ ಕರೆದರೆ ಹೋಗುವ ಮುನ್ನ ಸ್ವಲ್ಪ ಯೋಚಿಸಬೇಕು. ಹಗ್ಗದ ಎರಡೂ ತುದಿಯಲ್ಲಿ ಇರುವವರು ರಾಜಕಾರಣಿಗಳೇ.

ಕೇರಳದ ಕಣ್ಣೂರು ವಿಶ್ವವಿದ್ಯಾಲಯದ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿನ ಕುಲಪತಿಯ ಮರುನೇಮಕವನ್ನು 2023ರ ನವೆಂಬರ್ 30ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಮರುನೇಮಕಕ್ಕೆ ಕಾನೂನಿನಲ್ಲಿ ಅವಕಾಶವಿದೆ, ಆದರೆ ಕುಲಾಧಿಪತಿಯಾದವರು ತಾವೇ ತೀರ್ಮಾನಿಸಬೇಕಿತ್ತು, ರಾಜ್ಯ ಸರ್ಕಾರದ ಅನಗತ್ಯ ಹಸ್ತಕ್ಷೇಪಕ್ಕೆ ಮಣಿದು ಆ ಅಧಿಕಾರವನ್ನು ಒಪ್ಪಿಸಿಬಿಟ್ಟರು ಎಂಬುದು ತೀರ್ಪಿನ ತಿರುಳು. ಒತ್ತಡ ಹಾಕಿದ್ದು ಒಂದು ಪಕ್ಷದ ಸರ್ಕಾರ, ಮಣಿದದ್ದು ಅದರ ಎದುರು ಪಕ್ಷ ಕಳಿಸಿದ ರಾಜ್ಯಪಾಲರು. ಇಬ್ಬರಿಗೂ ಬೇಕಾಗದ ಪ್ರಶ್ನೆಯೆಂದರೆ ಆ ವಿಶ್ವವಿದ್ಯಾಲಯದ ಅಧ್ಯಾಪಕರಿಗೆ ಎಂಥವರು ಬೇಕು ಎಂಬುದು.

ಈಗ ನಾನು ಹೇಳಲೇಬೇಕೆಂದು ಬಂದ ಮಾತಿಗೆ ಬರುತ್ತೇನೆ. ಈ ಸಭಾಂಗಣದಲ್ಲಿ ಅತಿಥಿ ಉಪನ್ಯಾಸಕರು ಎಷ್ಟು ಮಂದಿ ಇದ್ದೀರಿ ಎಂದು ಕೈ ಎತ್ತಿಸಬೇಕೆಂದಿದ್ದೆ. ಬೇಡವೆನಿಸಿತು. ಎತ್ತಿದ ಕೈಯನ್ನು ಯಾರಾದರೂ ನೋಡಿ ನೆನಪಿಟ್ಟುಕೊಂಡಾರು ಎಂಬ ಭಯ ನನಗೇ ಬಂತು. ನಾವು ಇವತ್ತು ಮಾತನಾಡುತ್ತಿರುವ ಸ್ವಾತಂತ್ರ್ಯದ ಸ್ಥಿತಿ ಅದು.

ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲನ್ನು ಹೊತ್ತಿರುವವರು ಸಾವಿರಾರು ಅತಿಥಿ ಉಪನ್ಯಾಸಕರು. ಹತ್ತು, ಹದಿನೈದು ವರ್ಷದಿಂದ ‘ಅತಿಥಿ’ಗಳಾಗಿರುವವರು ನಿಮ್ಮ ನಡುವೆಯೇ ಇದ್ದಾರೆ. 2022ರ ಜನವರಿಯಲ್ಲಿ ಮುಷ್ಕರದ ನಂತರ ಗೌರವಧನ ಹೆಚ್ಚಾಯಿತು, ಗರಿಷ್ಠ 32 ಸಾವಿರ ರೂಪಾಯಿ ಎಂದಾಯಿತು. 2023ರ ಕೊನೆಯಲ್ಲಿ ಕಾಯಮಾತಿಗಾಗಿ ಮತ್ತೆ ಬೀದಿಗಿಳಿದರು. ಸಂಬಳದ ಮಾತನ್ನು ಅವರ ಸಂಘಗಳು ನನಗಿಂತ ಚೆನ್ನಾಗಿ ಹೇಳಿವೆ. ನಾನು ಹೇಳುವುದು ಇನ್ನೊಂದು: ಮುಂದಿನ ವರ್ಷದ ಕಾರ್ಯಭಾರ ಪ್ರಾಂಶುಪಾಲರ ಒಂದು ಪಟ್ಟಿಯ ಮೇಲೆ ನಿಂತಿರುವಾಗ ತರಗತಿಯಲ್ಲಿ ಯಾರು ಬಾಯಿ ಬಿಡುತ್ತಾರೆ? ಭೂಸುಧಾರಣೆಯ ಪಾಠ ಮಾಡುವಾಗ ಸ್ಥಳೀಯ ಶಾಸಕರ ಮನೆತನದ ಹೆಸರು ಬರುವ ಜಾಗ ಬಂದರೆ ಅದನ್ನು ಹಾರಿಸಿ ಮುಂದಿನ ಪುಟಕ್ಕೆ ಹೋಗುತ್ತಾರೆ. ಯಾರೂ ಹಾರಿಸು ಎಂದು ಹೇಳಿರುವುದಿಲ್ಲ.

ಕಾಯಂ ಅಧ್ಯಾಪಕರ ಪಾಡು ಇನ್ನೊಂದು ಬಗೆ. ಸರ್ಕಾರಿ ಪದವಿ ಕಾಲೇಜಿನ ಅಧ್ಯಾಪಕರು ಕಾನೂನಿನ ಕಣ್ಣಿನಲ್ಲಿ ಸರ್ಕಾರಿ ನೌಕರರು. 2021ರ ಕರ್ನಾಟಕ ರಾಜ್ಯ ನಾಗರಿಕ ಸೇವಾ ನಡತೆ ನಿಯಮಗಳು ಅವರಿಗೂ ಅನ್ವಯಿಸುತ್ತವೆ. ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸುವಂತಿಲ್ಲ. ಕಂದಾಯ ಇಲಾಖೆಯ ಗುಮಾಸ್ತರಿಗೆ ಈ ನಿಯಮ ಇರಲಿ, ಅರ್ಥವಿದೆ. ಅರ್ಥಶಾಸ್ತ್ರದ ಪ್ರಾಧ್ಯಾಪಕರು ರಾಜ್ಯದ ಬಜೆಟ್ಟನ್ನು ಟೀಕಿಸದೆ ಅರ್ಥಶಾಸ್ತ್ರ ಕಲಿಸುವುದು ಹೇಗೆ?

ಒಂದು ಆಮಂತ್ರಣ ಪತ್ರಿಕೆಯ ವಿಷಯ ಹೇಳುತ್ತೇನೆ. ನಮ್ಮ ಭಾಗದ್ದೇ ಒಂದು ಕಾಲೇಜು, ಹೆಸರು ಬೇಡ. ವಿಚಾರ ಸಂಕಿರಣಕ್ಕೆ ಮೂವರು ಭಾಷಣಕಾರರು. ಆಮಂತ್ರಣ ಅಚ್ಚಾಗಿ ಬಂದ ಮೇಲೆ ಪ್ರಾಂಶುಪಾಲರಿಗೆ ಒಂದು ಫೋನ್ ಬಂತು. ಬಂದದ್ದು ಮಂತ್ರಿಯ ಕಚೇರಿಯಿಂದಲ್ಲ, ಊರಿನ ಒಬ್ಬ ಮುಖಂಡನಿಂದ. ಮರುದಿನ ಎರಡನೆಯ ಆಮಂತ್ರಣ ಅಚ್ಚಾಯಿತು. ಮೊದಲಿನ ವಿನ್ಯಾಸವನ್ನೇ ಇಟ್ಟುಕೊಂಡು ಒಂದು ಹೆಸರನ್ನು ಮಾತ್ರ ತೆಗೆದಿದ್ದರು. ಹಾಗಾಗಿ ಇಬ್ಬರು ಭಾಷಣಕಾರರ ನಡುವೆ ಎರಡು ಬೆರಳಗಲದ ಖಾಲಿ ಜಾಗ ಉಳಿದಿತ್ತು. ಆ ಖಾಲಿ ಜಾಗದ ಎಡ ಬಲಕ್ಕಿದ್ದ ಇಬ್ಬರೂ ಬಂದು ಭಾಷಣ ಮಾಡಿದರು, ಹಾರ ಹಾಕಿಸಿಕೊಂಡರು, ಮೈಸೂರು ಪೇಟ ತೊಟ್ಟು ಫೋಟೊ ತೆಗೆಸಿಕೊಂಡರು. ನನ್ನ ಸಿಟ್ಟು ಫೋನ್ ಮಾಡಿದವನ ಮೇಲಿಗಿಂತ ಅವರಿಬ್ಬರ ಮೇಲೆಯೇ ಹೆಚ್ಚು.

1837ರಲ್ಲಿ ಜರ್ಮನಿಯ ಹ್ಯಾನೋವರ್‌ನ ದೊರೆ ತನ್ನ ರಾಜ್ಯದ ಸಂವಿಧಾನವನ್ನು ರದ್ದು ಮಾಡಿದಾಗ ಗೊಟ್ಟಿಂಗೆನ್ ವಿಶ್ವವಿದ್ಯಾಲಯದ ಏಳು ಪ್ರಾಧ್ಯಾಪಕರು ಪ್ರತಿಭಟಿಸಿ ಕೆಲಸ ಕಳೆದುಕೊಂಡರು. ಜನಪದ ಕಥೆಗಳನ್ನು ಸಂಗ್ರಹಿಸಿದ ಗ್ರಿಮ್ ಸೋದರರಿಬ್ಬರೂ ಆ ಏಳರಲ್ಲಿದ್ದರು. ಮೂವರಿಗಂತೂ ಮೂರು ದಿನದಲ್ಲಿ ರಾಜ್ಯ ಬಿಡಬೇಕೆಂಬ ಆಜ್ಞೆಯಾಯಿತು. ಇದು ಎಲ್ಲರೂ ಹೆಮ್ಮೆಯಿಂದ ಹೇಳುವ ಕಥೆ. ಅದೇ ಗೊಟ್ಟಿಂಗೆನ್‌ನ 1933ರ ಕಥೆಯನ್ನು ಹೇಳುವಾಗ ಧ್ವನಿ ತಗ್ಗುತ್ತದೆ. ಏಪ್ರಿಲ್‌ನಲ್ಲಿ ನಾಜಿ ಸರ್ಕಾರ ಯಹೂದಿಗಳನ್ನು ಸರ್ಕಾರಿ ಸೇವೆಯಿಂದ ತೆಗೆಯುವ ಕಾನೂನು ತಂದಿತು. ನೊಬೆಲ್ ಪಡೆದ ಭೌತವಿಜ್ಞಾನಿ ಜೇಮ್ಸ್ ಫ್ರಾಂಕ್ ಮಹಾಯುದ್ಧದಲ್ಲಿ ಹೋರಾಡಿದವರಾದ್ದರಿಂದ ಅವರಿಗೆ ವಿನಾಯಿತಿ ಇತ್ತು, ಸುಮ್ಮನೆ ಇರಬಹುದಿತ್ತು. ಅವರು ರಾಜೀನಾಮೆ ಕೊಟ್ಟು ಕಾರಣವನ್ನು ಬಹಿರಂಗಪಡಿಸಿದರು. ಕೆಲವೇ ದಿನಗಳಲ್ಲಿ ಅದೇ ವಿಶ್ವವಿದ್ಯಾಲಯದ 42 ಮಂದಿ ಅಧ್ಯಾಪಕರು ಹೇಳಿಕೆಗೆ ಸಹಿ ಹಾಕಿ, ಫ್ರಾಂಕ್ ಅವರ ರಾಜೀನಾಮೆ ದೇಶಕ್ಕೆ ಮಾಡಿದ ದ್ರೋಹ ಎಂಬಂತೆ ಖಂಡಿಸಿದರು. ಗಣಿತಜ್ಞೆ ಎಮ್ಮಿ ನೋಥರ್ ಅವರದ್ದು ಕಾಯಂ ಹುದ್ದೆಯೇ ಆಗಿರಲಿಲ್ಲ, ಅವರನ್ನು ಪಾಠದಿಂದ ದೂರ ಇಡಲು ಹೆಚ್ಚು ಕಷ್ಟವೂ ಆಗಲಿಲ್ಲ. ನಮ್ಮ ಸ್ಥಿತಿಯನ್ನು ನಾಜಿ ಜರ್ಮನಿಗೆ ಹೋಲಿಸುತ್ತಿಲ್ಲ, ಅಂಥ ಹೋಲಿಕೆಗಳು ಇತ್ತೀಚೆಗೆ ಬಹಳ ಅಗ್ಗವಾಗಿವೆ. ಆ 42 ಸಹಿಗಳನ್ನು ನೆನಪಿಟ್ಟುಕೊಳ್ಳಿ ಎಂದಷ್ಟೇ ಹೇಳುತ್ತೇನೆ. ಅವರಲ್ಲಿ ಓದದವರು ಯಾರೂ ಇರಲಿಲ್ಲ.

ಒತ್ತಡ ಯಾವಾಗಲೂ ಸರ್ಕಾರದಿಂದಲೇ ಬರಬೇಕೆಂದಿಲ್ಲ. ಎಂ.ಎಂ. ಕಲಬುರ್ಗಿಯವರು ಬಸವಣ್ಣನವರ ಕುಟುಂಬದ ಬಗ್ಗೆ ಸಂಶೋಧನೆಯಲ್ಲಿ ಬರೆದ ಮಾತುಗಳಿಗೆ ಎದ್ದ ವಿರೋಧ ಎಷ್ಟಿತ್ತೆಂದರೆ 1989ರಲ್ಲಿ ಅವನ್ನು ಹಿಂತೆಗೆದುಕೊಳ್ಳಬೇಕಾಯಿತು. ಮನೆಯವರ ಜೀವ ಉಳಿಸಲು ಹಾಗೆ ಮಾಡಿದೆ, ಆ ದಿನ ಬೌದ್ಧಿಕವಾಗಿ ಆತ್ಮಹತ್ಯೆ ಮಾಡಿಕೊಂಡೆ ಎಂದು ಅವರೇ ಹೇಳಿದ್ದರು. ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾದರು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಸಂಶೋಧಕನೊಬ್ಬನ ಬರಹಕ್ಕೆ ಜಾತಿ, ಮತಗಳ ಮುಖಂಡರು ವಿಚಾರಣೆ ನಡೆಸುವಾಗ ಅವನ ವಿಶ್ವವಿದ್ಯಾಲಯ ಅವನ ಹಿಂದೆ ನಿಲ್ಲುತ್ತದೆಯೇ? ಸ್ವಾಯತ್ತತೆಯ ನಿಜವಾದ ಪರೀಕ್ಷೆ ಅದು, ಕುಲಪತಿಯ ನೇಮಕಕ್ಕಿಂತ ದೊಡ್ಡದು.

ಪ್ರಶ್ನೋತ್ತರದಲ್ಲಿ ಹಿರಿಯರೊಬ್ಬರು ಕೇಳಿದರು: ‘ಸರ್ಕಾರ ಹಣ ಕೊಡುತ್ತದೆ, ಲೆಕ್ಕ ಕೇಳಬಾರದೇ ಸ್ವಾಮಿ? ವಿಶ್ವವಿದ್ಯಾಲಯಗಳಲ್ಲಿ ನಡೆಯುವ ಅವ್ಯವಹಾರ ನಿಮಗೆ ಗೊತ್ತಿಲ್ಲವೇ?’ ಗೊತ್ತಿದೆ. ಅವರು ಕೇಳದಿದ್ದರೆ ನಾನೇ ಎತ್ತಬೇಕಿದ್ದ ಪ್ರಶ್ನೆ. ಮೈಸೂರಿನ ರಾಜ್ಯ ಮುಕ್ತ ವಿಶ್ವವಿದ್ಯಾಲಯವನ್ನೇ ನೋಡಿ. ತನ್ನ ವ್ಯಾಪ್ತಿಯ ಆಚೆಗೆ, ಖಾಸಗಿ ಸಂಸ್ಥೆಗಳ ಜೊತೆ ಸೇರಿ ಕೋರ್ಸುಗಳನ್ನು ನಡೆಸಿದ ಕಾರಣಕ್ಕೆ 2015ರಲ್ಲಿ ಯುಜಿಸಿ ಅದರ ಮಾನ್ಯತೆ ಹಿಂಪಡೆಯಿತು. ಮಾನ್ಯತೆ ಮರಳಿ ಸಿಕ್ಕಿದ್ದು 2018ರಲ್ಲಿ. ನಡುವೆ ಅಂಕಪಟ್ಟಿ ಕೈಯಲ್ಲಿ ಹಿಡಿದು ಅಲೆದ ಮಕ್ಕಳಿಗೆ ಸ್ವಾಯತ್ತತೆ ಎಂಬ ಶಬ್ದವೇ ಬೇಡವಾಗಿದ್ದರೆ ಆಶ್ಚರ್ಯವಿಲ್ಲ. ಆದ್ದರಿಂದ ಲೆಕ್ಕಪರಿಶೋಧನೆ ಬೇಕು, ಕಟ್ಟುನಿಟ್ಟಾಗಿಯೇ ಬೇಕು. ಕಟ್ಟಡದ ಗುತ್ತಿಗೆ, ಉತ್ತರ ಪತ್ರಿಕೆಯ ಮುದ್ರಣ, ಸಂಯೋಜನಾ ಶುಲ್ಕ, ಎಲ್ಲದಕ್ಕೂ ಲೆಕ್ಕ ಕೇಳಲಿ. ಇತಿಹಾಸದ ಪತ್ರಿಕೆಯಲ್ಲಿ ಯಾವ ದೊರೆ ಇರಬೇಕು ಎಂಬುದು ಲೆಕ್ಕಪತ್ರದ ವಿಷಯವಲ್ಲ. ಈಗ ಆಗುತ್ತಿರುವುದು ತಿರುವುಮುರುವು. ಗುತ್ತಿಗೆಯ ಕಡತವನ್ನು ಯಾರೂ ತೆರೆಯುವುದಿಲ್ಲ, ಪಠ್ಯಕ್ರಮದ ಬಗ್ಗೆ ಎಲ್ಲರೂ ಮಾತನಾಡುತ್ತಾರೆ.

ವಿದ್ಯಾರ್ಥಿನಿಯೊಬ್ಬರು ಕೇಳಿದ್ದು ನೇರ ಪ್ರಶ್ನೆ: ‘ನಮ್ಮ ವಿಶ್ವವಿದ್ಯಾಲಯವನ್ನು ಮೈಸೂರಿಗೆ ಸೇರಿಸಿದರೆ ಒಳ್ಳೆಯದೋ ಕೆಟ್ಟದ್ದೋ ಸರ್?’ ನನಗೆ ಕಾಣುವ ಮಟ್ಟಿಗೆ ಹೇಳಿದೆ. ಹಾಸನ, ಚಾಮರಾಜನಗರ, ಮಂಡ್ಯದಲ್ಲಿ ಹೊಸ ವಿಶ್ವವಿದ್ಯಾಲಯಗಳಾದ ಮೇಲೆ ಅಲ್ಲಿನ ಕಾಲೇಜುಗಳ ಶುಲ್ಕದ ಆದಾಯ ಮೈಸೂರಿಗೆ ಖೋತಾ ಆಯಿತು, ಅಲ್ಲಿ ನಿವೃತ್ತರ ಪಿಂಚಣಿಗೇ ಪರದಾಟ. ಇತ್ತ ಹೊಸ ವಿಶ್ವವಿದ್ಯಾಲಯಗಳಿಗೆ ಬೋಧಕ ಹುದ್ದೆಗಳನ್ನು ಮಂಜೂರು ಮಾಡದೆ ಫಲಕ ಮಾತ್ರ ಹಾಕಿದರು. ದೊಡ್ಡದೂ ಬಡವಾಯಿತು, ಚಿಕ್ಕದೂ ಬೆಳೆಯಲಿಲ್ಲ. ಇಬ್ಬರೂ ಪ್ರತಿ ತಿಂಗಳು ಆರ್ಥಿಕ ಇಲಾಖೆಯ ಬಾಗಿಲಲ್ಲಿ ನಿಂತಿರುತ್ತಾರೆ. ಹೀಗೆ ನಿಂತ ಕುಲಪತಿ ಯಾವ ಮಂತ್ರಿಗೆ ಆಗುವುದಿಲ್ಲ ಎಂದು ಹೇಳಿಯಾರು? ಸೇರಿಸುವುದೋ ಬಿಡುವುದೋ ಎಂಬುದಕ್ಕಿಂತ ಮೊದಲು ಕಾಯಂ ಹುದ್ದೆ ಎಷ್ಟು, ಐದು ವರ್ಷಕ್ಕೆ ಖಾತರಿಯ ಅನುದಾನ ಎಷ್ಟು ಎಂದು ಕೇಳಬೇಕು.

ಕಡೆಯದಾಗಿ ಯುವ ಅಧ್ಯಾಪಕರೊಬ್ಬರು, ‘ಇದೆಲ್ಲ ಸರಿ, ನಾವು ಸೋಮವಾರದಿಂದ ಏನು ಮಾಡಬೇಕು?’ ಎಂದರು. ಎಲ್ಲರೂ ನಕ್ಕರು. ಪ್ರಶ್ನೆ ಮಾತ್ರ ಗಟ್ಟಿಯಾದದ್ದೇ. ಅಶುತೋಷರಂತೆ ಗುಡುಗಿ ಎಂದು ಯಾರಿಗೂ ಹೇಳಲಾರೆ, ಮನೆಯ ಸಾಲದ ಕಂತು ಕಟ್ಟುವವರಿಗೆ ಅದು ಹಗುರವಾದ ಸಲಹೆ. ಕಾಯಂ ಆಗಿರುವವರು ಅಧ್ಯಯನ ಮಂಡಳಿಯಲ್ಲಿ ಕುಳಿತಾಗ ಒಪ್ಪದಿದ್ದರೆ ಒಪ್ಪಲಿಲ್ಲ ಎಂದು ನಡಾವಳಿಯಲ್ಲಿ ಬರೆಸಿ. ‘ಚರ್ಚಿಸಿ ಅನುಮೋದಿಸಲಾಯಿತು’ ಎಂಬ ಸಾಲಿನ ಕೆಳಗೆ ನಿಮ್ಮ ಭಿನ್ನಾಭಿಪ್ರಾಯದ ಎರಡು ಸಾಲು ಇದ್ದರೆ ಅದನ್ನು ಅಳಿಸುವುದು ಸುಲಭವಲ್ಲ. ಅತಿಥಿ ಉಪನ್ಯಾಸಕರನ್ನು ಆ ಸಭೆಗೆ ಆಹ್ವಾನಿತರಾಗಿ ಕರೆಯಿರಿ ಎಂದು ಕೇಳುವುದೂ ನಿಮ್ಮ ಕೆಲಸ, ಅವರು ತಾವಾಗಿ ಕೇಳಲಾರರು. ಸಹೋದ್ಯೋಗಿಯ ಹೆಸರನ್ನು ಆಮಂತ್ರಣದಿಂದ ತೆಗೆದರೆ ನೀವು ಹೋಗಬೇಡಿ. ಹೋಗದಿರಲು ಯಾರ ಅನುಮತಿಯೂ ಬೇಡ.

ವಿದ್ಯಾರ್ಥಿಗಳು ನಡಾವಳಿಯ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಶುಲ್ಕ ಹತ್ತು ರೂಪಾಯಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಹಾಗಾಗಿ ಪೀಠಿಕೆ, ಸ್ವಾತಂತ್ರ್ಯದ ಮಹತ್ವ ಎಲ್ಲ ಬಿಟ್ಟು ಯಾವ ಮಂಡಳಿ, ಯಾವ ದಿನಾಂಕದ ಸಭೆ, ಯಾರು ಯಾರು ಹಾಜರಿದ್ದರು, ಏನು ತೀರ್ಮಾನವಾಯಿತು ಎಂದಷ್ಟೇ ಬರೆಯಿರಿ.